ದೊಡ್ಡಪ್ಪನ ಗಂಟಲಿಗೆ ಕರೆಂಟ್

ನಮ್ಮ ಕಡೆ ರೇಡಿಯೇಷನ್ ಅನ್ನುವ ಮಾತು ಯಾರ ಬಾಯಲ್ಲೂ ನಿಲ್ಲುವುದಿಲ್ಲ. 'ಕರೆಂಟ್ ಕೊಡೋದು' ಅನ್ನುತ್ತಾರೆ. ಕ್ಯಾನ್ಸರ್ ಬಂದವರ ಬಗ್ಗೆ 'ಇನ್ನು ಕರೆಂಟ್ ಕೊಡ್ತಾರಂತೆ' ಎಂದರೆ ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆಯೂ ಅರ್ಥವಾಗುತ್ತದೆ. ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆ ಕಿರಣ ರೋಗಿಯ ಮೈಯಲ್ಲಿ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು, ಎಲ್ಲಿ ಬೀಳಲೇಬಾರದು ಎಂದು ಲೆಕ್ಕ ಹಾಕುವವಳು. ಡಾಕ್ಟರಲ್ಲ, ಭೌತಶಾಸ್ತ್ರ ಓದಿದವಳು. ಇದನ್ನು ನಮ್ಮ ಬಂಧುಗಳಿಗೆ ವಿವರಿಸಿ ವಿವರಿಸಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ಅವರ ಪಾಲಿಗೆ ನಾನು ಕರೆಂಟಿನವಳು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ತೋಟದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ವಾರವಾಯಿತು, ಸ್ವಲ್ಪ ಹೇಳಿ ಸರಿ ಮಾಡಿಸು ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ 'ನಾಳೆ ಹೇಳ್ತೀನಿ' ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇನೆ.

ಇಂಥ ನನ್ನ ಕೈಗೆ ಒಂದು ದಿನ ನನ್ನ ದೊಡ್ಡಪ್ಪನ ಗಂಟಲು ಬಂತು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ. ಕಡೂರಿನ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ಬಸ್ಸು ಬಂದು ನಿಂತ ಮೇಲೆ ಅದು ಹೋಗುವ ಊರುಗಳನ್ನೆಲ್ಲ ಕೂಗಿ ಜನ ತುಂಬಿಸಿ, ಹೊತ್ತಿಗೆ ಸರಿಯಾಗಿ ಅದರ ಮೈಗೆ ಎರಡು ಏಟು ಬಡಿದು ಹೊರಡಿಸುವುದು ಅವರ ಕೆಲಸ. ಒಂದು ಏಟು ಬಡಿದರೆ ನಿಲ್ಲು, ಎರಡು ಬಡಿದರೆ ರೈಟ್. ಈ ಕೆಲಸಕ್ಕೆ ಬೇಕಾದದ್ದು ಗಂಟಲು ಒಂದೇ, ಅದು ಅವರಿಗೆ ಧಾರಾಳವಾಗಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರು ಅವರ ಕೂಗು ಕೇಳಿ ಲಗೇಜು ಎತ್ತಿಕೊಂಡು ಓಡಿ ಬರುತ್ತಿದ್ದರು. ತೊಂದರೆ ಏನೆಂದರೆ, ಅವರಿಗೆ ಇದ್ದದ್ದು ಅದೊಂದೇ ಧ್ವನಿ. ಮನೆಯಲ್ಲಿ ಉಪ್ಪಿನಕಾಯಿ ಕೇಳುವುದಕ್ಕೂ ಅದನ್ನೇ ಬಳಸುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರ ಮನೆಯ ಗುಟ್ಟು ಉಳಿದರೂ ಅವರ ಮನೆಯ ಗುಟ್ಟು ಉಳಿಯುತ್ತಿರಲಿಲ್ಲ.

ದೊಡ್ಡಮ್ಮನ ತವರು ಸಖರಾಯಪಟ್ಟಣ. ಅದಕ್ಕೇ ಏನೋ, ಚಿಕ್ಕಮಗಳೂರಿನ ಬಸ್ಸು ಬಂದಾಗ ದೊಡ್ಡಪ್ಪನ ಕೂಗಿಗೆ ಬೇರೆಯೇ ಕಳೆ ಬರುತ್ತಿತ್ತು. ಚಿಕ್ಕಮಗಳೂರು ಜಿಲ್ಲಾ ಕೇಂದ್ರವಾದರೂ ಆ ಹೆಸರನ್ನು ಗಬಕ್ಕನೆ ನುಂಗಿಬಿಡುತ್ತಿದ್ದರು. ಸಖರಾಯಪಟ್ಟಣವನ್ನು ಮಾತ್ರ 'ಸಖರಾಯಾ' ಎಂದು ಎತ್ತರಕ್ಕೆ ಒಯ್ದು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ 'ಪಟ್ನಾ' ಎಂದು ಮೆಲ್ಲಗೆ ಇಳಿಸುತ್ತಿದ್ದರು. ಡ್ರೈವರುಗಳು 'ಏನಪ್ಪಾ, ಮಾವನ ಮನೆ ಬಂತಾ' ಎಂದು ರೇಗಿಸುತ್ತಿದ್ದರು. ದೊಡ್ಡಮ್ಮ ಬಸ್ ಸ್ಟ್ಯಾಂಡಿಗೆ ಬಂದಿದ್ದರೆ ಸೆರಗು ಸರಿಮಾಡಿಕೊಂಡು, ಇವರು ಯಾರೋ ಎನ್ನುವಂತೆ ಆ ಕಡೆ ತಿರುಗಿ ನಿಲ್ಲುತ್ತಿದ್ದಳು.

ಆ ಗಂಟಲು ಒಂದು ಬೇಸಿಗೆಯಲ್ಲಿ ಒಡೆಯಿತು. ಮೊದಲು ಧೂಳು ಎಂದರು. ಆಮೇಲೆ ಐಸ್ ಕ್ಯಾಂಡಿ ಎಂದರು. ಯಾರೋ ಕಣ್ಣು ಹಾಕಿದ್ದಾರೆ ಎಂದೂ ಆಯಿತು. ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಕಷಾಯ ಎಲ್ಲ ಗಂಟಲಿಗೆ ಇಳಿದವು. ಬಾಯಲ್ಲಿ ಹೊಗೆಯಾಡುತ್ತಿದ್ದ ಬೀಡಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಬಂತು. ಹಬ್ಬಕ್ಕೆಂದು ಹೋದವಳು ಆ ಒಡಕು ದನಿ ಕೇಳಿ ಹಬ್ಬದೂಟದ ನಡುವೆಯೇ ಜಗಳ ತೆಗೆದೆ. "ನಾಳೆ ನನ್ನ ಜೊತೆ ಹೊರಡದಿದ್ರೆ ಇನ್ನು ಈ ಮನೆ ಹೊಸ್ತಿಲು ತುಳಿಯಲ್ಲ" ಎಂದೆ. ದೊಡ್ಡಮ್ಮ, "ಬೈಬೇಡ ಕಣೇ, ನಾನು ಆಗ್ಲೇ ಹರಕೆ ಹೊತ್ತಿವ್ನಿ" ಎಂದಳು.

ಆಗ ಗೊತ್ತಾಯಿತು ದೊಡ್ಡಪ್ಪನ ತಲೆ ಮತ್ತು ಗಡ್ಡ ಯಾಕೆ ಹಾಗೆ ಬೆಳೆದಿವೆ ಎಂದು. ಅಜ್ಜಂಪುರದ ಕಡೆ ನಮ್ಮ ಮನೆದೇವರ ಗುಡಿ ಇದೆ. ಗಂಟಲು ಸರಿಹೋದರೆ ದೊಡ್ಡಪ್ಪನ ಮುಡಿ ಕೊಡಿಸುತ್ತೇನೆಂದು ಹರಕೆ. ಮುಡಿ ಕೊಡುವವರೆಗೆ ತಲೆಗೂ ಗಡ್ಡಕ್ಕೂ ಕತ್ತಿ ಸೋಕಬಾರದು. ಸದಾ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಪೌಡರು ಬಳಿದುಕೊಳ್ಳುತ್ತಿದ್ದ ಮನುಷ್ಯ ಈಗ ಯಾವುದೋ ಬೆಟ್ಟದಿಂದ ಇಳಿದು ಬಂದ ಸಾಧುವಿನಂತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಒಂದಿಬ್ಬರು ಕಾಲಿಗೂ ಬಿದ್ದಿದ್ದರಂತೆ.

ಪರೀಕ್ಷೆಗಳಾದವು. ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳಲ್ಲಿ ಒಂದರ ಮೇಲೆ ಸಣ್ಣ ಗಂಟು, ಕ್ಯಾನ್ಸರ್. ನಮ್ಮ ವಿಭಾಗದ ಹಿರಿಯ ಡಾಕ್ಟರು ಕರಾವಳಿಯ ಕಡೆಯ ಹೆಂಗಸು. ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತೇವೆ. ಮಾತು ಚುರುಕು, ಕೋಪ ಮೂಗಿನ ತುದಿಯಲ್ಲಿ, ಕೆಲಸ ಮಾತ್ರ ದೇವರ ಪೂಜೆಯಷ್ಟು ಅಚ್ಚುಕಟ್ಟು. ಅವರು ದೊಡ್ಡಪ್ಪ ದೊಡ್ಡಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದನ್ನೂ ಮುಚ್ಚಿಡದೆ ಹೇಳಿದರು.

"ಬೇಗ ಬಂದಿದ್ದೀರಿ, ಅದು ಒಳ್ಳೇದಾಯ್ತು. ಕಿರಣ ಕೊಟ್ಟು ವಾಸಿ ಮಾಡ್ಲಿಕ್ಕೆ ನೋಡುವ. ಸಾಮಾನ್ಯವಾಗಿ ಇಡೀ ಧ್ವನಿಪೆಟ್ಟಿಗೆಗೆ ಕೊಡುವುದು. ನಾವೀಗ ಬೇರೆ ಊರಿನ ಆಸ್ಪತ್ರೆಯವರ ಜೊತೆ ಸೇರಿ ಒಂದು ಹೊಸ ಕ್ರಮ ಪರೀಕ್ಷೆ ಮಾಡ್ತಾ ಇದ್ದೇವೆ. ರೋಗ ಇರುವ ತಂತುವಿಗೆ ಮಾತ್ರ ಕೊಟ್ಟು, ಪಕ್ಕದ್ದನ್ನು ಉಳಿಸುವುದು. ಉಳಿದರೆ ಸ್ವರ ಚಂದ ಬರ್ತದೆ ಅಂತ ನಮ್ಮ ಆಸೆ. ಕಿರಣದಿಂದ ವಾಸಿ ಆಗದಿದ್ದರೆ ಮಾತ್ರ ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಾದೀತು. ಆಗ ಸ್ವರ ಹೋಗ್ತದೆ."

ಒಪ್ಪಿಗೆ ಇದೆಯೇ ಇಲ್ಲವೇ ನಿಧಾನವಾಗಿ ಯೋಚಿಸಿ ಹೇಳಿ, ಬೇಡವೆಂದರೆ ಹಳೆಯ ಕ್ರಮದಲ್ಲೇ ಕೊಡುತ್ತೇವೆ ಎಂದೂ ಹೇಳಿದರು. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. ಒಡಕು ದನಿಯಲ್ಲಿ, "ಕೂಗ್ಬೌದಾ?"

"ಮಾತಾಡಬಹುದು. ಕೂಗುವುದು ನಿಮ್ಮ ಗಂಟಲಿಗೆ ಬಿಟ್ಟದ್ದು."

ಕೂಗಲಾಗದ ಮೇಲೆ ಮಾತಾಡಿ ಏನು ಪ್ರಯೋಜನ ಎನ್ನುವಂತೆ ದೊಡ್ಡಪ್ಪ ನನ್ನ ಮುಖ ನೋಡಿದರು. ಅಷ್ಟರಲ್ಲಿ ದೊಡ್ಡಮ್ಮ, "ಆ ಹೊಸ್ದೇ ಕೊಡಿ ಕಣಮ್ಮ. ಒಂದಾದ್ರೂ ಉಳೀಲಿ" ಎಂದಳು. ದೊಡ್ಡಪ್ಪ ಡಾಕ್ಟ್ರಮ್ಮನ ಮೇಜಿನ ಮೇಲೆ ಎರಡು ಏಟು ಬಡಿದರು. ಡಾಕ್ಟ್ರಮ್ಮ ಬೆಚ್ಚಿ ನನ್ನ ಕಡೆ ನೋಡಿದರು. ಒಪ್ಪಿಗೆ ಇದೆಯಂತೆ ಎಂದೆ. "ಅದನ್ನು ಬಾಯಲ್ಲಿ ಹೇಳಿ, ಆಮೇಲೆ ಸಹಿ ಮಾಡಿ" ಎಂದರು ಡಾಕ್ಟ್ರಮ್ಮ.

ಈ ಹೊಸ ಕ್ರಮದ ಕಷ್ಟ ಇರುವುದು ಗುರಿಯಲ್ಲಿ. ಬೆಂಕಿಕಡ್ಡಿಯ ದಪ್ಪದಷ್ಟು ಆಚೆ ಈಚೆ ಆದರೂ ಕಿರಣ ಬೇಕಾದ್ದನ್ನು ಬಿಟ್ಟು ಬೇಡವಾದ್ದನ್ನು ಸುಡುತ್ತದೆ. ಅದಕ್ಕೇ ತಲೆ ಅಲುಗದಂತೆ ಪ್ರತಿಯೊಬ್ಬರಿಗೂ ಅವರವರ ಮುಖದ್ದೇ ಒಂದು ಮಾಸ್ಕ್ ಮಾಡುತ್ತೇವೆ. ತೂತು ತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸಿದರೆ, ಆರಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತೇವೆ. ದೊಡ್ಡಪ್ಪನ ವರ್ಣನೆಯಲ್ಲಿ, "ಮುಖದ ಮ್ಯಾಲೆ ಹಪ್ಪಳ ಒಣಗಾಕ್ತೀರಲ್ಲೇ."

ಮಾಸ್ಕ್ ಮಾಡುವ ಮೊದಲು ಗಡ್ಡ ತೆಗೆಸಿ ಎಂದು ಡಾಕ್ಟ್ರಮ್ಮ ಹೇಳಿದರು. ದೊಡ್ಡಮ್ಮ ಗಡ್ಡಕ್ಕೆ ಅಡ್ಡ ನಿಂತಳು. ಗಂಟಲು ಸರಿಹೋಗದೆ ಮುಡಿ ಇಳಿಸುವಂತಿಲ್ಲ ಎಂದಳು. ಕರಾವಳಿಯಲ್ಲೂ ದೇವರಿದ್ದಾರೆ ತಾನೇ, ಡಾಕ್ಟ್ರಮ್ಮ ಸ್ವಲ್ಪ ಮೆತ್ತಗಾದರು. "ಆಯ್ತು ಮಾರಾಯ್ರೇ, ಗಡ್ಡದ ಮೇಲೆಯೇ ಮಾಸ್ಕ್ ಮಾಡುವ. ಆದರೆ ಟ್ರೀಟ್‌ಮೆಂಟ್ ಮುಗಿಯುವವರೆಗೆ ಒಂದು ಕೂದಲೂ ಕಮ್ಮಿ ಆಗಬಾರದು. ತಲೆ ಹೀಗೇ ಇರಬೇಕು, ಗಡ್ಡ ಹೀಗೇ ಇರಬೇಕು" ಎಂದರು. ದೊಡ್ಡಮ್ಮ ಅದಕ್ಕೇ ಅಲ್ಲವೇ ನಾನೂ ಹೇಳುತ್ತಿರುವುದು ಎಂದಳು. ಅಂತೂ ವಿಜ್ಞಾನಕ್ಕೂ ದೇವರಿಗೂ ರಾಜಿಯಾಯಿತು.

ಚಿಕಿತ್ಸೆಗಾಗಿ ಇಬ್ಬರೂ ತರೀಕೆರೆಯ ನನ್ನ ಬಾಡಿಗೆ ಮನೆಗೆ ಬಂದು ಉಳಿದರು. ಅಲ್ಲಿಂದ ನಾನು ದಿನವೂ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗಿ ಬರುತ್ತೇನೆ. ದೊಡ್ಡಪ್ಪನಿಗೆ ರೈಲು ಎಂದರೆ ವೈರಿ. ಅವರ ಜನರನ್ನು ಕದ್ದೊಯ್ಯುವ ಗಾಡಿ ಅದು. ಆದರೆ ಹೊತ್ತಿಗೆ ಸರಿಯಾಗಿ ತಲುಪಬೇಕಲ್ಲ, ಬೇರೆ ದಾರಿಯಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಮೈಕಿನ ಹೆಂಗಸು ರೈಲಿನ ನಂಬರು ಹೇಳುವಾಗ ಅವರು ಮುಖ ಸಿಂಡರಿಸಿ ನನ್ನ ಕಿವಿಯಲ್ಲಿ ಉಸುರುತ್ತಿದ್ದರು. "ಅವಳಿಗೆ ಜನ ಬರ್ಲಿ ಅನ್ನೋ ಆಸೆನೇ ಇಲ್ಲ ಕಣೇ. ಬಂದ್ರೆ ಬಾ, ಇಲ್ದಿದ್ರೆ ಬಿಡು ಅನ್ನಂಗೆ ಕರೀತಾಳೆ."

ಮೊದಲ ದಿನದ ಚಿಕಿತ್ಸೆಯನ್ನು ನಾನು ಮರೆಯುವಂತಿಲ್ಲ. ಯಂತ್ರ ಓಡುವಾಗ ಕೋಣೆಯಲ್ಲಿ ರೋಗಿ ಒಬ್ಬರೇ. ನಾವು ಹೊರಗಡೆ ಟಿ.ವಿ.ಯಲ್ಲಿ ನೋಡುತ್ತಿರುತ್ತೇವೆ, ಒಳಗಿನ ಸದ್ದೂ ಕೇಳುತ್ತದೆ. ತೊಂದರೆಯಾದರೆ ಕೈಯೆತ್ತಿ, ಉಗುಳು ನುಂಗಬೇಡಿ, ಅಲುಗಬೇಡಿ ಎಂದು ಹೇಳಿದ್ದೆವು. ಇನ್ನೇನು ಯಂತ್ರ ಶುರುವಾಗಬೇಕು, ಒಳಗಿನಿಂದ ದಡದಡ ಎಂದು ಮೇಜು ಬಡಿದ ಸದ್ದು. ಟೆಕ್ನಿಷಿಯನ್ ಎಲ್ಲ ನಿಲ್ಲಿಸಿ ಒಳಗೆ ಓಡಿದ. ನಾನೂ ಓಡಿದೆ. ಮಾಸ್ಕ್ ಬಿಚ್ಚಿ ಏನಾಯಿತು ಎಂದು ಕೇಳಿದರೆ ದೊಡ್ಡಪ್ಪ ನಮ್ಮನ್ನೇ ಪೆದ್ದರಂತೆ ನೋಡಿದರು. "ಎರಡು ಬಡುದ್ನಲ್ಲ. ರೈಟ್ ಅಂದೆ. ಹೊರಡ್ಸೋದು ಬಿಟ್ಟು ಯಾಕ್ ನಿಲ್ಸಿದ್ರಿ?"

ಅಂದಿನಿಂದ ನಮ್ಮ ವಿಭಾಗದಲ್ಲಿ ಒಂದು ಹೊಸ ನಿಯಮ ಬಂತು. ಒಳಗೆ ಎರಡು ಏಟು ಬಿದ್ದ ಮೇಲೆಯೇ ದೊಡ್ಡಪ್ಪನ ಯಂತ್ರ ಶುರು. ಟೆಕ್ನಿಷಿಯನ್ ಹುಬ್ಬಳ್ಳಿಯ ಕಡೆಯವನು, ಬಲು ಗಂಭೀರ. ಅವನೂ ಗುಂಡಿ ಒತ್ತುವಾಗ 'ರೈಟ್ ರೈಟ್' ಎಂದು ಗೊಣಗಲು ಶುರುಮಾಡಿದ.

ಚಿಕಿತ್ಸೆ ಅರ್ಧಕ್ಕೆ ಬರುವ ಹೊತ್ತಿಗೆ ಇದ್ದ ಒಡಕು ದನಿಯೂ ಹೋಯಿತು. ಕಿರಣದಿಂದ ಗಂಟಲು ಒಳಗೆ ಹಣ್ಣಾಗಿರುತ್ತದೆ, ಮೊದಲು ಹೀಗೆ ಆಗುವುದೇ ಸರಿ, ಮುಗಿದ ಮೇಲೆ ನಿಧಾನವಾಗಿ ಬರುತ್ತದೆ ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದರು. ನಾನೂ ಹೇಳಿದೆ. ದೊಡ್ಡಪ್ಪ ತಲೆಯಾಡಿಸಿದರು. ದೊಡ್ಡಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮದುವೆಯಾದಂದಿನಿಂದ ಆ ಗದ್ದಲದಲ್ಲೇ ಬದುಕಿದವಳು. ಈಗ ಮನೆ ಸುಮ್ಮನಿದ್ದರೆ ಅವಳಿಗೆ ಅಡುಗೆಯೇ ಸಾಗುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಾರೂ ಕಿರುಚದಿದ್ದರೆ ಹೆಚ್ಚಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದರ ಜೊತೆಗೆ ಕಡೂರಿನಿಂದ ಇನ್ನೊಂದು ಸುದ್ದಿ ಬಂತು. ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಾಕಿ, ರೆಕಾರ್ಡ್ ಮಾಡಿದ ಧ್ವನಿಯಲ್ಲಿ ಊರುಗಳನ್ನು ಕೂಗಿಸುತ್ತಿದ್ದಾರಂತೆ. ಬಸ್ಸು ಹೋದ ಮೇಲೂ ಅದು ಕೂಗುತ್ತಲೇ ಇರುತ್ತದಂತೆ. ದೊಡ್ಡಪ್ಪ ಅದನ್ನು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಶನಿವಾರ ಭಾನುವಾರ ಚಿಕಿತ್ಸೆಗೆ ಬಿಡುವು. ಆ ವಾರ ದೊಡ್ಡಮ್ಮ, "ಮನೇಗ್ ಹೋಗಿ ಬತ್ತೀವಿ ಕಣೇ, ಕಾಯಿ ಕೀಳ್ಸೋದೈತೆ" ಎಂದು ಗಂಡನನ್ನು ಕರೆದುಕೊಂಡು ಹೊರಟಳು. ಭಾನುವಾರ ಅಮಾವಾಸ್ಯೆ ಎನ್ನುವುದು ನನ್ನ ಗಮನಕ್ಕೆ ಬರಲಿಲ್ಲ. ದೊಡ್ಡಮ್ಮ ಅಂಥದ್ದನ್ನು ಎಂದಾದರೂ ಮರೆಯುತ್ತಾಳೆಯೇ?

ಸೋಮವಾರ ಬೆಳಿಗ್ಗೆ ಅವರು ಕಡೂರಿನಿಂದ ನೇರವಾಗಿ ಆಸ್ಪತ್ರೆಗೆ ಬರುವುದೆಂದಾಗಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಹೊರಗೆ ಟೆಕ್ನಿಷಿಯನ್ನನ ದನಿ ಕೇಳಿತು. "ಯಜಮಾನ್ರ, ನೀವು ಯಾರ ಕಡೆಯವ್ರು? ಪೇಷಂಟ್ ಎಲ್ಲಿ ಅದಾರ?" ಉತ್ತರವಿಲ್ಲ. ಮತ್ತೆ ಕೇಳಿದ. ಆಗ ಕೌಂಟರಿನ ಮೇಲೆ ಎರಡು ಏಟು ಬಿದ್ದವು.

ಎದ್ದು ಹೊರಗೆ ಬಂದೆ. ದೊಡ್ಡಪ್ಪ ನಿಂತಿದ್ದರು. ತಲೆ ಬೋಳು. ಗಡ್ಡವಿಲ್ಲ. ಇದ್ದಬದ್ದ ಮೀಸೆಯೂ ಇಲ್ಲ. ತಲೆಯ ತುಂಬ ಗಂಧ ಬಳಿದುಕೊಂಡು, ಆಗ ತಾನೇ ಸುಲಿದಿಟ್ಟ ತೆಂಗಿನಕಾಯಿಯ ಹಾಗೆ ಹೊಳೆಯುತ್ತಿದ್ದರು. ಪಕ್ಕದಲ್ಲಿ ದೊಡ್ಡಮ್ಮ ಪ್ರಸಾದದ ಚೀಲ ಹಿಡಿದುಕೊಂಡು, ನನ್ನ ಮುಖವೊಂದನ್ನು ಬಿಟ್ಟು ಆಸ್ಪತ್ರೆಯನ್ನೆಲ್ಲ ನೋಡುತ್ತಿದ್ದಳು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಆದರೂ ನೋಡೋಣವೆಂದು ಮೇಜಿನ ಮೇಲೆ ಮಲಗಿಸಿ ಮಾಸ್ಕ್ ಹಾಕಿದೆವು. ದಿನವೂ ಒತ್ತಿ ಕೂರಿಸಬೇಕಾಗಿದ್ದ ಮಾಸ್ಕ್ ಸಡಿಲವಾಗಿ ತಾನಾಗಿಯೇ ಕೂತಿತು. ಒಳಗೆ ದೊಡ್ಡಪ್ಪನ ತಲೆ ಸಿಪ್ಪೆಯೊಳಗಿನ ಒಣಗಿದ ಅಡಿಕೆಯಂತೆ ಲಟಲಟ ಅಲ್ಲಾಡಿತು. ಕಿರಣ ಕೊಡುವ ಮೊದಲು ದಿನವೂ ಒಂದು ಚಿತ್ರ ತೆಗೆದು ಜಾಗ ಸರಿಯಿದೆಯೇ ಎಂದು ನೋಡುವುದು ನಮ್ಮ ಪದ್ಧತಿ. ಚಿತ್ರದಲ್ಲಿ ಗಂಟಲು ಇರಬೇಕಾದ ಕಡೆ ಇರಲಿಲ್ಲ, ಪಕ್ಕಕ್ಕೆ ಸರಿದು ಕೂತಿತ್ತು. ಹಾಗೇ ಕೊಟ್ಟಿದ್ದರೆ ರೋಗ ಉಳಿಯುತ್ತಿತ್ತು, ಆರೋಗ್ಯವಾಗಿದ್ದ ತಂತು ಸುಡುತ್ತಿತ್ತು. ಟೆಕ್ನಿಷಿಯನ್ ಡಾಕ್ಟ್ರಮ್ಮನಿಗೆ ಫೋನ್ ಮಾಡಿದ.

ಡಾಕ್ಟ್ರಮ್ಮ ಬಂದವರು ಮೊದಲು ದೊಡ್ಡಪ್ಪನ ತಲೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ತಲೆಯ ಕೂದಲೂ ಉಳಿಯುವುದಿಲ್ಲವೆಂದು ನನಗನ್ನಿಸಿತು.

"ಎಂತದು ಮಾರಾಯ್ರೇ ಇದು? ಒಂದು ಕೂದಲೂ ಕಮ್ಮಿ ಆಗಬಾರದು ಅಂತ ಹೇಳಿದ್ದಲ್ವಾ ನಾನು?"

ದೊಡ್ಡಪ್ಪನಿಗೆ ದನಿಯಿಲ್ಲ, ಹಾಗಾಗಿ ವಕಾಲತ್ತು ದೊಡ್ಡಮ್ಮನದು. "ದನಿ ಪೂರ್ತಿ ಹೋಯ್ತಲ್ಲಮ್ಮ. ದೇವ್ರು ಮುನಿಸ್ಕೊಂಡವ್ನೆ ಅಂತ ಭಯ ಆಯ್ತು. ಅಮಾಸೆ ಬೇರೆ."

"ಗಂಟಲು ಸರಿಹೋದ ಮೇಲೆ ಕೊಡುವುದು ಅಂತ ನೀವೇ ಹೇಳಿದ್ದು."

"ಹೌದಮ್ಮ. ಆದ್ರೆ ಇವ್ರೇ ಕೈಸನ್ನೆ ಮಾಡಿ ಹೇಳಿದ್ರು. ಬಸ್ಸಲ್ಲಿ ಟಿಕೇಟು ಮೊದ್ಲು ತಗೋತೀವೋ, ಊರು ಬಂದ್ಮೇಲೆ ತಗೋತೀವೋ ಅಂತ. ಇಳಿಯೋವಾಗ ಕೊಡ್ತೀನಿ ಅಂದ್ರೆ ಯಾವ ಕಂಡಕ್ಟರ್ ಕರ್ಕೊಂಡ್ ಹೋಗ್ತಾನೆ? ಅದು ನಂಗೂ ಸರಿ ಅನ್ಸ್ತು."

ದೊಡ್ಡಪ್ಪ ಪಕ್ಕದಲ್ಲಿ ನಿಂತು, ಇದರಲ್ಲಿ ತಪ್ಪೇನಿದೆ ತೋರಿಸಿ ನೋಡೋಣ ಎನ್ನುವಂತೆ ಬೋಳುತಲೆ ಆಡಿಸುತ್ತಿದ್ದರು. ದೇಶದ ದೊಡ್ಡ ದೊಡ್ಡ ತಜ್ಞರ ಎದುರು ವಾದ ಗೆದ್ದು ಬಂದ ಹೆಂಗಸು ಡಾಕ್ಟ್ರಮ್ಮ. ಈ ವಾದ ಕೇಳಿ ಕುರ್ಚಿ ಎಳೆದು ಕೂತು, "ಇನ್ನು ಯಾವ ದೇವರಿಗೆ ಏನು ಬಾಕಿ ಇದೆ, ಎಲ್ಲ ಈಗಲೇ ಹೇಳಿ. ಉರುಳುಸೇವೆ ಉಂಟಾ? ಉಪವಾಸ ಉಂಟಾ? ಇವರು ಸಪೂರ ಆದರೂ ನನ್ನ ಲೆಕ್ಕ ತಪ್ಪುತ್ತದೆ" ಎಂದರು.

ದೊಡ್ಡಮ್ಮ ನೆಲ ನೋಡಿದಳು. "ಅವ್ರುದು ಏನೂ ಇಲ್ಲ ಕಣಮ್ಮ. ನಂದೊಂದೈತೆ. ಅವ್ರ ದನಿ ಬರೋಗಂಟ ಕಾಫಿ ಮುಟ್ಟಲ್ಲ ಅಂದ್ಕೊಂಡಿವ್ನಿ."

ಮನೆಯಲ್ಲಿ ದಿನವೂ ನನಗೆ ಕಾಫಿ ಮಾಡಿಕೊಡುತ್ತಿದ್ದಳು. ತನಗೆ ಪಿತ್ತ ಎಂದು ಬಿಸಿನೀರು ಕುಡಿಯುತ್ತಿದ್ದಳು. ಬೆಳಿಗ್ಗೆ ಕಾಫಿ ತಡವಾದರೆ ಬೆಕ್ಕನ್ನೂ ಬೈಯುತ್ತಿದ್ದ ಹೆಂಗಸು ಅವಳು. ಡಾಕ್ಟ್ರಮ್ಮನ ದನಿಯೂ ಸಣ್ಣದಾಯಿತು. "ಕಾಫಿ ಬಿಟ್ಟರೆ ನನ್ನ ಅಭ್ಯಂತರ ಇಲ್ಲ. ಅದಕ್ಕೆ ಮಾಸ್ಕ್ ಬೇಡ" ಎಂದರು.

ಆಮೇಲೆ ನಡೆದದ್ದು ತಮಾಷೆಯಲ್ಲ. ಬೋಳುತಲೆಗೆ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಎಲ್ಲ ಲೆಕ್ಕ ಮೊದಲಿನಿಂದ. ಈ ರೋಗದ ಸ್ವಭಾವ ಏನೆಂದರೆ, ನಡುವೆ ಚಿಕಿತ್ಸೆ ನಿಂತರೆ ಅದು ಚೇತರಿಸಿಕೊಳ್ಳುತ್ತದೆ. ಕಳೆದುಹೋಗುವ ಒಂದೊಂದು ದಿನವೂ ಅದರ ಲಾಭ. ದೊಡ್ಡಪ್ಪನ ಗಂಟಲು ಉಳಿಯುವುದೋ ಬಿಡುವುದೋ ಈ ಬಿಡುವಿನ ಮೇಲೆ ನಿಂತಿತ್ತು. ನಾನು ಲೆಕ್ಕಕ್ಕೆ ಕೂತೆ. ಕಂಪ್ಯೂಟರಿನ ಪರದೆಯಲ್ಲಿ ಆ ತಂತುವಿನ ಸುತ್ತ ಗೆರೆ ಎಳೆಯುವಾಗ, ಇದು ಉಪ್ಪಿನಕಾಯಿ ಕೇಳುವ ಗಂಟಲು ಎಂದು ನೆನಪಾಗಿ ಎಳೆದ ಗೆರೆಯನ್ನು ಅಳಿಸಿ ಮತ್ತೆ ಎಳೆದೆ. ಸ್ವಂತದವರ ಲೆಕ್ಕವನ್ನು ಒಬ್ಬರೇ ಮುಗಿಸಬಾರದೆಂದು ನನ್ನ ಸಹೋದ್ಯೋಗಿ ಪ್ರತಿಯೊಂದನ್ನೂ ಮತ್ತೆ ಪರಿಶೀಲಿಸಿದರು. ಡಾಕ್ಟ್ರಮ್ಮ ತಮ್ಮ ಅಧ್ಯಯನದ ಬೇರೆ ಊರಿನ ಜೊತೆಗಾರರಿಗೆ ಫೋನ್ ಮಾಡಿ, ಕಳೆದ ದಿನಗಳನ್ನು ತುಂಬುವ ದಾರಿ ಚರ್ಚಿಸಿದರು. ಒಂದೆರಡು ದಿನ ಬೆಳಿಗ್ಗೆ ಒಮ್ಮೆ, ನಡುವೆ ಸಾಕಷ್ಟು ಬಿಡುವು ಕೊಟ್ಟು ಸಂಜೆ ಒಮ್ಮೆ ಕೊಡುವುದೆಂದು ತೀರ್ಮಾನವಾಯಿತು. ಇದನ್ನು ದೊಡ್ಡಪ್ಪನಿಗೆ ವಿವರಿಸಲು ನನಗೆ ಒಂದೇ ಮಾತು ಸಾಕಾಯಿತು. ಡಬಲ್ ಟ್ರಿಪ್ ಎಂದೆ. ಅವರ ಮುಖ ಅರಳಿತು. ಹಬ್ಬದ ದಿನ ಜನ ಹೆಚ್ಚಾದಾಗ ಬಸ್ಸಿನವರು ಮಾಡುವುದೂ ಅದನ್ನೇ.

ಹೊಸ ಮಾಸ್ಕ್ ಹಳೆಯದಕ್ಕಿಂತ ಚೆನ್ನಾಗಿ ಕೂತಿತು. ಗಡ್ಡದ ಮೇಲೆ ಮಾಡಿದ್ದು ಎಷ್ಟಾದರೂ ಗಡ್ಡದ ಮೇಲೆ ಮಾಡಿದ್ದೇ, ಒಳಗಿನ ಮನುಷ್ಯ ಒಂದಿಷ್ಟು ಅಲುಗುತ್ತಲೇ ಇದ್ದ. ಈಗಿನ ಚಿತ್ರಗಳು ದಿನವೂ ಒಂದರ ಮೇಲೊಂದು ಇಟ್ಟಂತೆ ಬರತೊಡಗಿದವು. ಡಾಕ್ಟ್ರಮ್ಮ ಎರಡೂ ಬಗೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುಂದೆ ಒಂದು ಸಮ್ಮೇಳನದಲ್ಲಿ, ಹೆಸರು ಹೇಳದೆ ಅವುಗಳನ್ನು ತೋರಿಸಿದರು. ಮುಡಿಗೆ ಮೊದಲು, ಮುಡಿಯ ನಂತರ. ಯಾರೋ ಹೊರದೇಶದ ತಜ್ಞರು ಈ 'ಮುಡಿ' ಎನ್ನುವುದು ಯಾವ ಕಂಪನಿಯ ಯಂತ್ರ ಎಂದು ಕೇಳಿದರಂತೆ. ಡಾಕ್ಟ್ರಮ್ಮ ನಗು ತಡೆದುಕೊಂಡು ವಿವರಿಸಿದರಂತೆ. ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುವ ಸೂಚನೆಗಳಲ್ಲೂ ಈಗ ಒಂದು ಸಾಲು ಸೇರಿದೆ. ಹರಕೆಯ ಮುಡಿ ಇದ್ದರೆ ಮಾಸ್ಕ್ ಮಾಡುವ ಮೊದಲೇ ಕೊಟ್ಟು ಬನ್ನಿ, ಇಲ್ಲವಾದರೆ ಚಿಕಿತ್ಸೆ ಮುಗಿದ ಮೇಲೆ ಕೊಡಿ. ಸಂಶೋಧನೆ ಎಂದರೆ ಬಿಳಿ ಕೋಟಿನವರು ಬಾಗಿಲು ಹಾಕಿಕೊಂಡು ಮಾಡುವುದು ಎಂದುಕೊಂಡಿದ್ದ ನಾನು, ಅರ್ಧ ಸಂಶೋಧನೆಯನ್ನು ನಮ್ಮ ದೊಡ್ಡಮ್ಮನೇ ಮಾಡಿಸಿದಳೆಂದು ಒಪ್ಪಿಕೊಳ್ಳಬೇಕಾಯಿತು. ಅವಳೆದುರು ಒಪ್ಪಿಕೊಂಡಿಲ್ಲ, ಅದು ಬೇರೆ.

ಚಿಕಿತ್ಸೆ ಮುಗಿಯಿತು. ಆ ಹಳೆಯ ಗಡ್ಡದ ಮಾಸ್ಕನ್ನು ದೊಡ್ಡಪ್ಪ ಬಿಡದೆ ಕೇಳಿ ಪಡೆದು ಹೋದರು. ಈಗ ಅದು ಕಡೂರಿನ ಮನೆಯ ಹಿತ್ತಲಿನಲ್ಲಿ, ಕಾಯಿ ಬಿಟ್ಟ ಪರಂಗಿ ಗಿಡಕ್ಕೆ ದೃಷ್ಟಿಯಾಗದಂತೆ ನೇತಾಡುತ್ತಿದೆ. ಹಕ್ಕಿಗಳೂ ಬರುವುದಿಲ್ಲ, ಕೆಲವು ನೆಂಟರೂ ಬರುವುದಿಲ್ಲ.

ಮುಗಿದ ಮೇಲಿನ ಕಾಯುವಿಕೆಯೇ ಕಷ್ಟದ್ದು. ದನಿ ಒಮ್ಮೆಲೇ ಬರಲಿಲ್ಲ. ಮೊದಲು ಉಸಿರು ಬಂತು, ಆಮೇಲೆ ಗೊರಗೊರ, ಆಮೇಲೆ ಒಂದೊಂದು ಮಾತು. ಪರೀಕ್ಷೆಗೆ ಬಂದಾಗ ಡಾಕ್ಟ್ರಮ್ಮ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು. "ಶುದ್ಧ ಉಂಟು" ಎಂದರು. ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ದೊಡ್ಡಪ್ಪ ಮಾತ್ರ ತಮ್ಮ ಹಳೆಯ ಪ್ರಶ್ನೆಗೇ ಬಂದರು. "ಕೂಗ್ಬೌದಾ?"

"ಈಗ ಬೇಡ. ಇನ್ನೂ ಕೆಲವು ತಿಂಗಳು ಮೆಲ್ಲ ಮಾತಾಡಿ. ನಾನು ಹೇಳಿದ ಮೇಲೆ ಒಂದು ಬಸ್ಸಿಗೆ, ಒಂದೇ ಸಲ."

ಆ ಅಪ್ಪಣೆ ಸಿಕ್ಕ ಮೇಲೆ ಒಂದು ಭಾನುವಾರ ನಾನು ಕಡೂರಿಗೆ ಹೋದೆ. ದೊಡ್ಡಪ್ಪ ಇಸ್ತ್ರಿ ಶರ್ಟು ತೊಟ್ಟು, ಮೊದಲಿನಂತೆ ನುಣ್ಣಗೆ ಕ್ಷೌರ ಮಾಡಿಸಿ ಪೌಡರು ಬಳಿದುಕೊಂಡು ನಿಂತಿದ್ದರು. ದೊಡ್ಡಮ್ಮ ನಾನೂ ಬರುತ್ತೇನೆ ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೋಗಿ ಮೈಕು ಆರಿಸಿದರು. ಟೀ ಅಂಗಡಿಯವರು, ಹಣ್ಣಿ‌ನ ಗಾಡಿಯವರು, ಡ್ರೈವರುಗಳು ಎಲ್ಲ ಕೆಲಸ ಬಿಟ್ಟು ನಿಂತರು. ಚಿಕ್ಕಮಗಳೂರಿನ ಬಸ್ಸು ಬಂದು ನಿಂತಿತು.

ದೊಡ್ಡಪ್ಪ ಬಾಯಿ ತೆರೆದರು. ಹಳೆಯ ಧ್ವನಿಯಲ್ಲ. ಒರಟು, ಸ್ವಲ್ಪ ತಗ್ಗು. ಆದರೆ ಅದು ಕೂಗೇ.

"ಸಖರಾಯಾ..."

ಎತ್ತರಕ್ಕೆ ಒಯ್ದರು. ಮೊದಲಿನಂತೆಯೇ ಅಲ್ಲಿ ನಿಲ್ಲಿಸಿದರು. ಇಳಿಸಲು ಹೋದಾಗ ದನಿ ಕೈಕೊಟ್ಟಿತು. ಬಾಯಿ ತೆರೆದೇ ಇತ್ತು, ಕೊರಳ ನರಗಳು ಉಬ್ಬಿದ್ದವು, ಸದ್ದಿರಲಿಲ್ಲ. ಮತ್ತೆ ಪ್ರಯತ್ನಿಸಿದರು, ಗಾಳಿಯಷ್ಟೇ ಬಂತು. ಅವರ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ನಾನು ತಲೆ ತಗ್ಗಿಸಿದೆ.

ಆಗ ಪಕ್ಕದಿಂದ, "ಪಟ್ನಾ..." ಎಂದು ಕೇಳಿತು.

ದೊಡ್ಡಮ್ಮ ಕೂಗಿದ್ದಳು. ನಾಲ್ಕು ಜನರೆದುರು ದನಿಯೆತ್ತಿ ಮಾತಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲದ ದೊಡ್ಡಮ್ಮ. ಅವರು ಇಳಿಸುತ್ತಿದ್ದ ಹಾಗೆಯೇ, ಅದೇ ರಾಗದಲ್ಲಿ, ಮೆಲ್ಲಗೆ ಇಳಿಸಿದಳು. ಇಷ್ಟು ವರ್ಷ ಆ ಕಡೆ ತಿರುಗಿ ನಿಂತು ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಇದನ್ನೇ. ಜನ ನಗುತ್ತಾ ಬಸ್ಸು ಹತ್ತಿದರು. ದೊಡ್ಡಪ್ಪ ತೋಳಿನಿಂದ ಕಣ್ಣೊರೆಸಿಕೊಂಡು, ಬಸ್ಸಿನ ಮೈಗೆ ಎರಡು ಏಟು ಬಡಿದರು.

ಬಸ್ಸು ಹೋದ ಮೇಲೆ ದೊಡ್ಡಮ್ಮ ನೇರವಾಗಿ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಕಾಫಿ ಹೇಳು ಎಂದಳು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಪೂರ್ತಿ ದನಿ ಬರ್ಲಿಲ್ವಲ್ಲ ದೊಡ್ಡಮ್ಮ, ನಿನ್ನ ಹರಕೆ?" ಎಂದು ಕೇಳಿದೆ.

"ಅರ್ಧ ಅವ್ರು ಕೂಗಿದ್ರು, ಅರ್ಧ ನಾನ್ ಕೂಗ್ದೆ. ಊರು ಪೂರ್ತಿ ಬಂತಲ್ಲ" ಎಂದಳು. "ಸಕ್ರೆ ಜಾಸ್ತಿ ಹಾಕೋಕೆ ಹೇಳು."